ಏರುದಾರಿಗೆ ಯಾವ ಸೈಕಲ್ಲು?

ರಾಯಚೂರು ಜಿಲ್ಲೆಯ ಮಾನ್ವಿ ಸೀಮೆಯ ಬಾಗಲವಾಡವನ್ನೂ ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯನ್ನೂ ಒಂದೇ ವಾಕ್ಯದಲ್ಲಿ ಹೇಳಬೇಕಾದ ಸಂದರ್ಭಗಳು ವಿರಳ. ಒಂದು ಕಡೆ ವರ್ಷಕ್ಕೆ 600–700 ಮಿಲಿಮೀಟರ್ ಮಳೆಯಾದರೆ ಅದೇ ಹೆಚ್ಚು. ಇನ್ನೊಂದು ಕಡೆ ಸರಾಸರಿ ಮಳೆಯೇ 7,000 ಮಿಲಿಮೀಟರನ್ನು ಮೀರುತ್ತದೆ. ಅಲ್ಲಿ ಕಣ್ಣು ಹಾಯುವವರೆಗೂ ಬಯಲು. ಇಲ್ಲಿ ಮನೆಯಂಗಳ ದಾಟಿದೊಡನೆ ಏರು ಅಥವಾ ಇಳಿಜಾರು. ಕರ್ನಾಟಕವನ್ನು ಹತ್ತು ಕೃಷಿ ಹವಾಮಾನ ವಲಯಗಳಾಗಿ ವಿಂಗಡಿಸಿದಾಗ ಮಾನ್ವಿಯು ಈಶಾನ್ಯ ಒಣ ವಲಯಕ್ಕೂ ತೀರ್ಥಹಳ್ಳಿಯು ಗುಡ್ಡಗಾಡು ವಲಯಕ್ಕೂ ಸೇರಿದವು. ಒಂದು ವಲಯಕ್ಕೆ ಶಿಫಾರಸು ಮಾಡಿದ ಬೀಜವನ್ನು ಇನ್ನೊಂದಕ್ಕೆ ಶಿಫಾರಸು ಮಾಡುವ ಮುನ್ನ ವಿಜ್ಞಾನಿಗಳು ವರ್ಷಗಟ್ಟಲೆ ತಾಕುಗಳಲ್ಲಿ ಬೆಳೆದು ನೋಡುತ್ತಾರೆ. ಆದರೆ 2006-07ರಲ್ಲಿ ಆರಂಭವಾಗಿ, ಮುಂದೆ ಸರ್ಕಾರಿ ಮತ್ತು ಅನುದಾನಿತ ಪ್ರೌಢಶಾಲೆಗಳ ಎಂಟನೇ ತರಗತಿಯ ಹುಡುಗ ಹುಡುಗಿಯರಿಬ್ಬರಿಗೂ ವಿಸ್ತರಿಸಿದ ಉಚಿತ ಸೈಕಲ್ ಯೋಜನೆಯಲ್ಲಿ ಈ ವಿವೇಚನೆ ಕಾಣಲಿಲ್ಲ. ಹಂಚಿದ್ದು ಗೇರಿಲ್ಲದ ಸಾದಾ ಸೈಕಲ್ಲು. ಬಯಲಿಗೊಂದು, ಗುಡ್ಡಕ್ಕೊಂದು ಎಂಬ ಭೇದ ಅದರಲ್ಲಿರಲಿಲ್ಲ.

ಆ ಸೈಕಲ್ಲುಗಳಲ್ಲಿ ಎಷ್ಟೋ ಇಂದಿಗೂ ಮಲೆನಾಡಿನ ಕೊಟ್ಟಿಗೆಯ ಮಾಡಿನಡಿ ತುಕ್ಕು ಹಿಡಿದು ನಿಂತಿವೆ. ಸೈಕಲ್ಲು ತುಳಿಯುವುದು ಘಟ್ಟದವರಿಗೆ ಹೇಳಿದ ಕೆಲಸವಲ್ಲ ಎಂಬ ಮಾತು ಅವುಗಳನ್ನು ತೋರಿಸಿಯೇ ಹುಟ್ಟಿಕೊಂಡಿತು. ಈಗ ಅದೇ ಊರುಗಳಿಗೆ ಬೇರೆ ಬಗೆಯ ಸೈಕಲ್ಲುಗಳು ಬರುತ್ತಿವೆ. ನಗರದಿಂದ ಮರಳಿದ ಯುವಕರು ಬಾಗಿದ ಹ್ಯಾಂಡಲಿನ, ಕಿರುಬೆರಳಿನಷ್ಟು ತೆಳ್ಳಗಿನ ಟೈರಿನ ರೋಡ್ ಬೈಕನ್ನು ತರುತ್ತಾರೆ. ಕಾಲೇಜಿನ ಹುಡುಗರು ನೇರ ಹ್ಯಾಂಡಲಿನ, ತುಸು ಅಗಲ ಟೈರಿನ ಹೈಬ್ರಿಡ್ ಸೈಕಲ್ಲಿನ ಬೆಲೆ ವಿಚಾರಿಸುತ್ತಾರೆ. ಎರಡರಲ್ಲಿ ಏರುದಾರಿಗೆ ಯಾವುದು ಎಂಬ ಪ್ರಶ್ನೆ ಹವ್ಯಾಸಿಗಳ ಹರಟೆಯಂತೆ ತೋರಬಹುದು. ಆದರೆ ಅದಕ್ಕೆ ಸಿಗುವ ಉತ್ತರವೇ ಕೊಟ್ಟಿಗೆಯಲ್ಲಿ ನಿಂತ ಸೈಕಲ್ಲಿಗೂ ಉತ್ತರವಾಗುತ್ತದೆ.

ಹೈಬ್ರಿಡ್ ಎಂಬ ಪದದ ಬಗೆಗೆ ಮೊದಲು ಒಂದು ಮಾತು. ರೈತನ ಕಿವಿಗೆ ಅದು ಬೀಜದ ಹೆಸರಾಗಿಯೇ ಬಿದ್ದದ್ದು. 1972ರಲ್ಲಿ ಧಾರವಾಡದಲ್ಲಿ ಬಿ.ಎಚ್. ಕಟರಕಿ ಅವರು ರೂಪಿಸಿದ ವರಲಕ್ಷ್ಮಿ ಹತ್ತಿಯಿಂದ ಮೊದಲ್ಗೊಂಡು ಎರೆಸೀಮೆಯ ರೈತರು ಆ ಪದವನ್ನು ಬಲ್ಲರು. ಇಳುವರಿಯ ಜೊತೆಗೆ ಪ್ರತಿವರ್ಷ ಬೀಜ ಕೊಳ್ಳುವ ಹಂಗನ್ನೂ ಬಲ್ಲರು. ಪರಿಸರದ ಕಾಳಜಿಯುಳ್ಳವರು ಆ ಪದ ಕೇಳಿದೊಡನೆ ಹುಬ್ಬು ಗಂಟಿಕ್ಕುವುದು ಸಹಜ. ಸೈಕಲ್ಲಿನ ಹೈಬ್ರಿಡ್‌ಗೆ ಆ ದೋಷವಿಲ್ಲ. ರೋಡ್ ಬೈಕಿನ ದೊಡ್ಡ ಚಕ್ರವನ್ನೂ ಗುಡ್ಡದ ಸೈಕಲ್ಲಿನ ನೇರ ಹ್ಯಾಂಡಲ್ ಮತ್ತು ಸಣ್ಣ ಗೇರುಗಳನ್ನೂ ಕೂಡಿಸಿದ ಜಾತಿಯದು. ಶುದ್ಧ ತಳಿಗಳೆರಡನ್ನೂ ಪ್ರೀತಿಸುವವರು ಅದನ್ನು ಕೊಂಚ ಕೀಳಾಗಿ ಕಾಣುವುದುಂಟು.

ಏರಿನಲ್ಲಿ ನಡೆಯುವುದೇನೆಂಬುದನ್ನು ಮೆಟ್ಟಿಲುಗಳ ಲೆಕ್ಕದಲ್ಲಿ ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಪೆಡಲಿನ ಒಂದೊಂದು ತುಳಿತವೂ ಒಂದು ಮೆಟ್ಟಿಲು. ಆ ಮೆಟ್ಟಿಲು ಎಷ್ಟು ಎತ್ತರದ್ದೆಂಬುದನ್ನು ನಿರ್ಧರಿಸುವುದು ಗೇರು. ಅಂಗಡಿಗಳಲ್ಲಿ ಸಾಮಾನ್ಯವಾಗಿ ಕಾಣುವ 28 ಇಂಚಿನ ಚಕ್ರದ ಸಾದಾ ಸೈಕಲ್ಲಿನಲ್ಲಿ ಮುಂದಿನ ಚೈನ್‌ವೀಲಿಗೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18 ಹಲ್ಲು. ಪೆಡಲು ಒಂದು ಸುತ್ತು ಬಂದರೆ ಸೈಕಲ್ಲು ಸುಮಾರು ಐದೂವರೆ ಮೀಟರ್ ಮುಂದೆ ಹೋಗುತ್ತದೆ. ನೂರು ಅಡಿಗೆ ಎಂಟು ಅಡಿ ಏರುವ ದಾರಿಯಲ್ಲಿ, ಅಂದರೆ ಘಾಟಿಗಳಲ್ಲಿ ಅಪರೂಪವಲ್ಲದ ಏರಿನಲ್ಲಿ, ಒಂದು ಕಾಲಿನ ತುಳಿತಕ್ಕೆ ಸೈಕಲ್ಲೂ ಸವಾರರೂ ಕೂಡಿ ಸುಮಾರು 22 ಸೆಂಟಿಮೀಟರ್ ಮೇಲೇರಬೇಕು. ಕಾಲು ಕೆಳಗಿಳಿಯುವುದಾದರೋ 34 ಸೆಂಟಿಮೀಟರ್ ಮಾತ್ರ. ನಲವತ್ತು ಕಿಲೋ ತೂಕದ ಎಂಟನೇ ತರಗತಿಯ ಹುಡುಗಿ, ಇಪ್ಪತ್ತು ಕಿಲೋ ಸೈಕಲ್ಲು, ಐದು ಕಿಲೋ ಪುಸ್ತಕದ ಚೀಲ ಎಂದಿಟ್ಟುಕೊಂಡರೆ, ತುಳಿತದ ಉದ್ದಕ್ಕೂ ಆಕೆ ಪೆಡಲಿನ ಮೇಲೆ ಹಾಕಬೇಕಾದ ಸರಾಸರಿ ಭಾರ 42 ಕಿಲೋ. ಆಕೆಯ ತೂಕಕ್ಕಿಂತ ಹೆಚ್ಚು! ಸೀಟಿನಿಂದ ಎದ್ದು ಇಡೀ ದೇಹವನ್ನು ಪೆಡಲಿನ ಮೇಲೆ ನಿಲ್ಲಿಸಿದರೂ ಸಾಲದು. ಹ್ಯಾಂಡಲನ್ನು ಹಿಡಿದೆಳೆದು ಇನ್ನಷ್ಟು ಒತ್ತಬೇಕು. ರಸ್ತೆಯ ತಿಕ್ಕಾಟವೂ ಒಣಗಿದ ಚೈನಿನ ಗೊಣಗಾಟವೂ ಈ ಲೆಕ್ಕದಲ್ಲಿಲ್ಲ. ಆ ಹುಡುಗಿ ಇಳಿದು ತಳ್ಳುತ್ತಾಳೆ. ದಿನವೂ ತಳ್ಳುವ ವಸ್ತುವನ್ನು ಯಾರೂ ಬಹಳ ಕಾಲ ಜೊತೆಗೆ ಒಯ್ಯುವುದಿಲ್ಲ. ಇದನ್ನು ಮಕ್ಕಳ ಸೋಮಾರಿತನವೆಂದು ಬಗೆದ ಹಿರಿಯರು ಒಮ್ಮೆ ತಾವೇ ಚೀಲ ಹೇರಿಕೊಂಡು ತುಳಿದು ನೋಡಬಹುದಿತ್ತು.

ಅದೇ ಹುಡುಗಿಗೆ, ಅದೇ ಏರಿಗೆ, ಬೇರೆ ಎರಡು ಸೈಕಲ್ಲುಗಳನ್ನು ಕೊಟ್ಟು ನೋಡೋಣ. ರೋಡ್ ಬೈಕುಗಳಲ್ಲಿ ಬಹಳವಾಗಿ ಕಾಣುವ ಅತಿ ಹಗುರ ಗೇರೆಂದರೆ ಮುಂದೆ 34, ಹಿಂದೆ 28 ಹಲ್ಲು. ಸೈಕಲ್ಲಿನ ತೂಕ ಹತ್ತು ಕಿಲೋ. ಮೆಟ್ಟಿಲಿನ ಎತ್ತರ 10 ಸೆಂಟಿಮೀಟರಿಗೆ ಇಳಿಯುತ್ತದೆ; ಕಾಲಿನ ಮೇಲಿನ ಸರಾಸರಿ ಭಾರ ಹದಿನಾರು, ಹದಿನೇಳು ಕಿಲೋ. ಮುಂದೆ ಮೂರು ಚೈನ್‌ವೀಲುಗಳಿರುವ ಹೈಬ್ರಿಡ್‌ನಲ್ಲಿ ಅತಿ ಸಣ್ಣದಕ್ಕೆ 28 ಹಲ್ಲು, ಹಿಂದಿನ ಅತಿ ದೊಡ್ಡದಕ್ಕೆ 34 ಹಲ್ಲು ಇದ್ದರೆ ಮೆಟ್ಟಿಲು ಏಳು ಸೆಂಟಿಮೀಟರ್ ಚಿಲ್ಲರೆ. ಸೈಕಲ್ಲು ಹದಿನಾಲ್ಕು ಕಿಲೋ ತೂಗಿದರೂ ಭಾರ ಹನ್ನೆರಡೂವರೆ ಕಿಲೋ. ಸೀಟಿನಿಂದ ಏಳದೆ, ಗೆಳತಿಯ ಜೊತೆ ಮಾತಾಡುತ್ತ ಹತ್ತಬಹುದಾದಷ್ಟು. ಒಟ್ಟು ಕೆಲಸವೇನೂ ಕಡಿಮೆಯಾಗುವುದಿಲ್ಲ. ಗುಡ್ಡದ ಎತ್ತರ ಇದ್ದಷ್ಟೇ ಇರುತ್ತದೆ. ಒಂದು ದೊಡ್ಡ ಮೆಟ್ಟಿಲಿನ ಬದಲು ಮೂರು ಸಣ್ಣ ಮೆಟ್ಟಿಲುಗಳನ್ನು ಹತ್ತಿದಂತೆ. ಮೊಣಕಾಲಿಗೆ ಗೊತ್ತಾಗುವ ವ್ಯತ್ಯಾಸ ಅದೇ.

ಅಂಗಡಿಯವರು ಹೆಚ್ಚಾಗಿ ಮಾತಾಡುವುದು ತೂಕದ ಬಗೆಗೆ. ಬೆರಳಿನಲ್ಲಿ ಎತ್ತಿ ತೋರಿಸುತ್ತಾರೆ, ಎತ್ತಿದವರು ಮರುಳಾಗುತ್ತಾರೆ. ಮೇಲಿನ ಲೆಕ್ಕದಲ್ಲಿಯೇ ಹೈಬ್ರಿಡ್‌ನಿಂದ ನಾಲ್ಕು ಕಿಲೋ ಇಳಿಸಿದರೆ ಕಾಲಿನ ಭಾರ ಕಡಿಮೆಯಾಗುವುದು ನೂರಕ್ಕೆ ಏಳರಷ್ಟು. ಆ ನಾಲ್ಕು ಕಿಲೋ ಇಳಿಸಲು ತೆರಬೇಕಾದ ಹಣ ಹಲವು ಕುಟುಂಬಗಳ ಒಂದು ವರ್ಷದ ಅಡಿಕೆ ಸುಲಿಯುವ ಕೂಲಿಯನ್ನು ನುಂಗಬಲ್ಲದು. ಅದೇ ಹಿಂದಿನ ಚಕ್ರದ ದೊಡ್ಡ ಹಲ್ಲುಗಾಲಿಯನ್ನು 28ರಿಂದ 34 ಹಲ್ಲಿಗೆ ಬದಲಿಸಿದರೆ ಭಾರ ನೂರಕ್ಕೆ ಹದಿನೇಳು ಹದಿನೆಂಟರಷ್ಟು ಇಳಿಯುತ್ತದೆ. ಆದುದರಿಂದ ಕೊಳ್ಳಲು ಹೋದವರು ಸೈಕಲ್ಲನ್ನು ಎತ್ತಿ ನೋಡುವುದಕ್ಕಿಂತ ಕುಳಿತು ಹಲ್ಲೆಣಿಸುವುದು ಮೇಲು. ಮುಂದಿನ ಅತಿ ಸಣ್ಣದರ ಹಲ್ಲುಗಳ ಸಂಖ್ಯೆ ಹಿಂದಿನ ಅತಿ ದೊಡ್ಡದರ ಸಂಖ್ಯೆಗಿಂತ ಕಡಿಮೆಯಿದ್ದರೆ ಅದು ಗುಡ್ಡದ ಮನೆಗೆ ಬರತಕ್ಕ ಸೈಕಲ್ಲು.

ಸಣ್ಣ ಗೇರು ಅಶಕ್ತರಿಗೆ ಎಂಬ ಅಹಂಕಾರವೊಂದು ಇದೆ. ಅದು ಹಳೆಯದು. 1903ರಲ್ಲಿ ಆರಂಭವಾದ ಟೂರ್ ದ ಫ್ರಾನ್ಸ್ ಪಂದ್ಯದ ಸಂಘಟಕ ಆನ್ರಿ ದೆಗ್ರಾಂಜ್‌ಗೆ ಗೇರು ಬದಲಿಸುವ ಸಾಧನವೆಂದರೆ ತಾತ್ಸಾರ. ಆಲ್ಪ್ಸ್ ಮತ್ತು ಪಿರನೀಸ್ ಪರ್ವತಗಳ ಬುಡದಲ್ಲಿ ಸವಾರರು ಇಳಿದು, ಹಿಂದಿನ ಚಕ್ರವನ್ನೇ ಬಿಚ್ಚಿ, ಇನ್ನೊಂದು ಮಗ್ಗುಲಿನ ದೊಡ್ಡ ಹಲ್ಲುಗಾಲಿ ಚೈನಿಗೆ ಬರುವಂತೆ ತಿರುಗಿಸಿ ಜೋಡಿಸಿಕೊಂಡು ಹತ್ತುತ್ತಿದ್ದರು. ಗೇರು ಬದಲಿಸುವ ಸಾಧನಕ್ಕೆ ಆ ಪಂದ್ಯದಲ್ಲಿ ಅನುಮತಿ ದೊರೆತದ್ದು 1937ರಲ್ಲಿ. ಇಂದು ಅಲ್ಲಿನ ವೃತ್ತಿಪರ ಸವಾರರೂ ಕಡಿದಾದ ಏರುಗಳಿಗೆ ಹಿಂದೆ 30, 34 ಹಲ್ಲುಗಳನ್ನು ಹಾಕಿಕೊಳ್ಳುತ್ತಾರೆ. ಹಾಲಿನ ಕ್ಯಾನು ಹೇರಿಕೊಂಡು ಡೇರಿಗೆ ಹೋಗುವವರು ಅವರಿಗಿಂತ ಗಟ್ಟಿಗರೆಂದು ತೋರಿಸಿಕೊಳ್ಳಬೇಕಾದ ಅಗತ್ಯವಿಲ್ಲ.

ಇಷ್ಟು ಹತ್ತುವ ಮಾತಾಯಿತು. ಹತ್ತುವಾಗ ಆಗುವ ತಪ್ಪಿಗೆ ಬೆವರು ಸುರಿಸಿದರೆ ತೀರಿತು, ಇಳಿಯುವಾಗ ಹಾಗಲ್ಲ. ಸೋಮೇಶ್ವರದಿಂದ ಆಗುಂಬೆಗೆ ಹದಿನಾಲ್ಕು ಹಿಮ್ಮುರಿ ತಿರುವುಗಳು. ಹತ್ತಿದವರು ಮರಳಿ ಇಳಿಯಲೇಬೇಕು. ಸೈಕಲ್ಲೂ ಸವಾರರೂ ಕೂಡಿ ಎಂಬತ್ತು ಕಿಲೋ ಇದ್ದು ಐನೂರು ಮೀಟರ್ ಎತ್ತರದಿಂದ ಇಳಿದರೆ ಹೊರಬೀಳುವ ಶಕ್ತಿ ಒಂದು ಲೀಟರ್ ನೀರನ್ನು ಕುದಿಸಲು ಸಾಕು. ನಿಧಾನವಾಗಿ ಇಳಿದಷ್ಟೂ ಅದರ ಹೆಚ್ಚಿನ ಪಾಲು ಶಾಖವಾಗಿ ಬ್ರೇಕಿಗೇ ಬರುತ್ತದೆ. ಸಾದಾ ಸೈಕಲ್ಲಿನ ಉಕ್ಕಿನ ರಿಮ್ಮು ಒದ್ದೆಯಾದರೆ ರಬ್ಬರಿನ ಬಿರಡೆ ಅದನ್ನು ಹಿಡಿಯುವುದಿಲ್ಲ, ಸವರುತ್ತದೆ. ನಿಲ್ಲಲು ಬೇಕಾದ ದೂರ ಒಣಗಿದ್ದಾಗಿನ ಹಲವು ಪಟ್ಟಾಗುತ್ತದೆ. ಜೂನಿನಿಂದ ಸೆಪ್ಟೆಂಬರ್‌ವರೆಗೆ ರಿಮ್ಮು ಒಣಗುವುದೇ ಇಲ್ಲದ ಸೀಮೆಗೆ ಇಂತಹ ಬ್ರೇಕನ್ನು ಕೊಟ್ಟದ್ದು ಗೇರು ಕೊಡದಿದ್ದುದಕ್ಕಿಂತ ದೊಡ್ಡ ಲೋಪ. ಅಲ್ಯೂಮಿನಿಯಂ ರಿಮ್ಮು ಇದಕ್ಕಿಂತ ಎಷ್ಟೋ ವಾಸಿ. ಡಿಸ್ಕ್ ಬ್ರೇಕು ಇನ್ನೂ ವಾಸಿ, ಏಕೆಂದರೆ ಅದರ ತಟ್ಟೆ ಕೆಸರಿನಿಂದ ದೂರ ಚಕ್ರದ ನಡುವಿನಲ್ಲಿರುತ್ತದೆ. ಇತ್ತೀಚಿನ ರೋಡ್ ಬೈಕುಗಳಲ್ಲಿಯೂ ಡಿಸ್ಕ್ ಬ್ರೇಕು ಬಂದಿದೆ. ಹಳೆಯದನ್ನು ಅಗ್ಗಕ್ಕೆ ಕೊಳ್ಳುವವರು ಇದನ್ನು ಗಮನಿಸಬೇಕು. ಬಾಗಿದ ಹ್ಯಾಂಡಲಿನ ಮೇಲ್ಭಾಗವನ್ನು ಹಿಡಿದಾಗ ಬ್ರೇಕು ಕೈಗೆಟಕುವುದಿಲ್ಲವೆಂಬುದನ್ನೂ ಹೊಸಬರು ಮೊದಲ ತಿರುವಿಗೆ ಮುಂಚೆಯೇ ತಿಳಿದಿರುವುದು ಒಳ್ಳೆಯದು. ನೇರ ಹ್ಯಾಂಡಲಿನಲ್ಲಿ ಬೆರಳು ಸದಾ ಬ್ರೇಕಿನ ಮೇಲೆಯೇ ಇರುತ್ತದೆ.

ಟೈರಿನ ವಿಷಯದಲ್ಲಿ ರಸ್ತೆಯೇ ತೀರ್ಪು ಕೊಡುತ್ತದೆ. ನೆರಳಿನ ಡಾಂಬರು ರಸ್ತೆಯ ಮೇಲೆ ಆಷಾಢದಲ್ಲಿ ಪಾಚಿ, ತೋಟದ ದಾರಿಯಲ್ಲಿ ಜಂಬಿಟ್ಟಿಗೆಯ ಉಬ್ಬು, ಬಿದ್ದ ಅಡಿಕೆ ಹಾಳೆ, ಹಳ್ಳಕ್ಕೆ ಕಾಲುಸಂಕ. 25 ಮಿಲಿಮೀಟರ್ ಅಗಲದ ಟೈರು ಈ ದಾರಿಗಳಲ್ಲಿ ಜಾರುತ್ತದೆ. ಗುಂಡಿಗೆ ಬಿದ್ದರೆ ಟ್ಯೂಬನ್ನು ರಿಮ್ಮು ಕಚ್ಚುತ್ತದೆ. ಹೈಬ್ರಿಡ್‌ನ 38, 40 ಮಿಲಿಮೀಟರ್ ಟೈರಿನಲ್ಲಿ ಗಾಳಿಯನ್ನು ತುಸು ಕಡಿಮೆ ಇಟ್ಟುಕೊಂಡು ಹೋಗಬಹುದು. ತೆಳು ಟೈರೇ ವೇಗದ್ದೆಂಬ ನಂಬಿಕೆಯೂ ಸಡಿಲವಾಗಿದೆ. ಪಂದ್ಯದ ಸವಾರರೇ ಕಳೆದ ಹತ್ತು ಹದಿನೈದು ವರ್ಷಗಳಲ್ಲಿ 23ರಿಂದ 28 ಮಿಲಿಮೀಟರಿಗೆ ಬಂದಿದ್ದಾರೆ. ಕಾಲುಸಂಕ ದಾಟುವಾಗ ಮಾತ್ರ ತೂಕದ ಪ್ರಶ್ನೆ ನಿಜಕ್ಕೂ ಏಳುತ್ತದೆ, ಸೈಕಲ್ಲು ಆಗ ಹೆಗಲಿನ ಮೇಲಿರುತ್ತದೆಯಲ್ಲ! ಆದರೆ ಇಪ್ಪತ್ತು ಕಿಲೋ ಬದಲು ಹದಿನಾಲ್ಕು ಕಿಲೋ ಹೊರುವುದೇ ಅಲ್ಲಿ ದೊಡ್ಡ ಲಾಭ. ಮಡ್‌ಗಾರ್ಡ್, ಕ್ಯಾರಿಯರ್ ಹಾಕಿಸಲು ಚೌಕಟ್ಟಿನಲ್ಲಿ ತೂತುಗಳಿರಬೇಕು. ಹೈಬ್ರಿಡ್‌ಗಳಲ್ಲಿ ಸಾಮಾನ್ಯವಾಗಿ ಇರುತ್ತವೆ, ಪಂದ್ಯದ ಸೈಕಲ್ಲುಗಳಲ್ಲಿ ಇರುವುದಿಲ್ಲ. ಮಡ್‌ಗಾರ್ಡಿಲ್ಲದೆ ಶ್ರಾವಣದಲ್ಲಿ ಶಾಲೆ ಮುಟ್ಟಿದ ವಿದ್ಯಾರ್ಥಿಯ ಬೆನ್ನನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಕೆಟ್ಟರೆ ಯಾರು ಸರಿಮಾಡುವರು ಎಂಬುದು ಉಳಿದ ಪ್ರಶ್ನೆ. ಇಲ್ಲಿ ಸಾದಾ ಸೈಕಲ್ಲು ಗೆಲ್ಲುತ್ತದೆ. ಅದರ ಟ್ಯೂಬು, ಕಡ್ಡಿ, ಗುಂಡುಗಳು ಯಾವ ಸಂತೆಯಲ್ಲಿಯೂ ಸಿಗುತ್ತವೆ. ಗೇರಿನ ಸೈಕಲ್ಲು ಕೊಳ್ಳುವವರು ಹಿಂದೆ ಏಳೆಂಟು ಗಾಲಿಗಳಿರುವುದನ್ನೇ ಆರಿಸುವುದು ಜಾಣತನ; ಹನ್ನೊಂದು ಹನ್ನೆರಡು ಇರುವವುಗಳ ಚೈನು ತೆಳು, ದುಬಾರಿ. ಟ್ಯೂಬಿನ ವಾಲ್ವು ಮೋಟರ್ ಸೈಕಲ್ಲಿನದರಂತೆ ಇರಬೇಕು, ಆಗ ಪೆಟ್ರೋಲ್ ಬಂಕಿನಲ್ಲಿಯೂ ಗಾಳಿ ಹಾಕಿಸಬಹುದು. ರೋಡ್ ಬೈಕಿನ ತೆಳ್ಳನೆಯ ವಾಲ್ವಿಗೆ ಹಳ್ಳಿಯ ಪಂಪು ಕೂರದು.

ಹಾಗಾದರೆ ರೋಡ್ ಬೈಕು ವ್ಯರ್ಥವೇ? ಅಲ್ಲ. ನುಣುಪಾದ ರಸ್ತೆಯಲ್ಲಿ ದೂರ ಹೋಗುವವರಿಗೆ, ಗಾಳಿಯನ್ನು ಸೀಳಿ ಸಾಗಬೇಕಾದವರಿಗೆ ಅದಕ್ಕೆ ಸಮನಾದುದಿಲ್ಲ. 1,478 ಮೀಟರ್ ಎತ್ತರದ ನಂದಿಬೆಟ್ಟವನ್ನು ಬೆಂಗಳೂರಿನವರು ಮುಂಜಾನೆ ಹತ್ತಿಳಿಯುವುದು ಬಹುಪಾಲು ಅದರಲ್ಲಿಯೇ. 2008ರಲ್ಲಿ ಮೊದಲ್ಗೊಂಡ ನೀಲಗಿರಿ ಸೈಕಲ್ ಯಾತ್ರೆಯಲ್ಲಿ ಮಸಿನಗುಡಿಯಿಂದ ಊಟಿಯತ್ತ 36 ತಿರುವುಗಳ ಕಲ್ಹಟ್ಟಿಯನ್ನು ಅದರ ಮೇಲೆ ಹತ್ತಿದವರು ಅನೇಕರು; ಅಲ್ಲಿ ಇಳಿದು ತಳ್ಳಿದವರೂ ಅನೇಕರು. ದಶಕಗಳಿಂದ ರಾಷ್ಟ್ರಮಟ್ಟದ ಸೈಕಲ್ ಪಟುಗಳನ್ನು ಕೊಡುತ್ತ ಬಂದ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಹೆದ್ದಾರಿಗಳು ಅದರ ನಿಜವಾದ ತವರು. ಕ್ರೀಡೆಗೆ ಅದು, ದಿನದ ಬದುಕಿಗೆ ಹೈಬ್ರಿಡ್ ಎಂದರೆ ಘಟ್ಟದ ಮಟ್ಟಿಗೆ ತಪ್ಪಾಗದು.

ಆದರೆ ಬಯಲೆಂದರೆ ರೋಡ್ ಬೈಕು, ಗುಡ್ಡವೆಂದರೆ ಹೈಬ್ರಿಡ್ ಎಂದು ಗೆರೆ ಎಳೆದುಬಿಡುವಂತೆಯೂ ಇಲ್ಲ. ಬಾಗಲವಾಡದ ಸುತ್ತಿನ ಮಾನ್ವಿ ಸೀಮೆಯನ್ನೇ ನೋಡಿ. ಏರಿಲ್ಲ, ನಿಜ. ಆದರೆ ದಾರಿಯ ಎರಡೂ ಬದಿ ಬಳ್ಳಾರಿ ಜಾಲಿ. ಅದರ ಮುಳ್ಳಿಗೆ ತೆಳು ಟೈರು ಕಾಗದವಿದ್ದಂತೆ. ಎರೆಮಣ್ಣು ನೆನೆದರೆ ಮಡ್‌ಗಾರ್ಡಿಗೂ ಟೈರಿಗೂ ನಡುವೆ ಮೆತ್ತಿಕೊಂಡು ಚಕ್ರವೇ ತಿರುಗದು. ಅಲ್ಲಿ ಮಡ್‌ಗಾರ್ಡಿನ ಅಂತರ ಘಟ್ಟದಲ್ಲಿರುವುದಕ್ಕಿಂತ ಹೆಚ್ಚು ಬೇಕು. ಆಷಾಢದ ಎದುರುಗಾಳಿಯಂತೂ ಕಣ್ಣಿಗೆ ಕಾಣದ ಏರು. ದಪ್ಪ ಟೈರಿನ, ಭಾರದ, ಗೇರಿಲ್ಲದ ಸೈಕಲ್ಲು ಅಲ್ಲಿ ತಕ್ಕಮಟ್ಟಿಗೆ ಬಾಳಿತೆಂದರೆ ಅದು ಆ ನೆಲಕ್ಕೆ ಹತ್ತಿರವಾಗಿದ್ದುದರಿಂದ. ಬಾಗಲವಾಡಕ್ಕೆ ಒಪ್ಪಿದ್ದನ್ನು ಆಗುಂಬೆಗೂ ಒಪ್ಪಿಸಲು ಹೋದದ್ದೇ ತೊಡಕು.

ಸೈಕಲ್ಲು ಹಂಚುವ ವಿಚಾರವೇ ತಪ್ಪೆಂದು ಇದರಿಂದ ಯಾರೂ ತಿಳಿಯಬಾರದು. ಬಿಹಾರದಲ್ಲಿ 2006ರಲ್ಲಿ ಹೆಣ್ಣುಮಕ್ಕಳಿಗೆ ಸೈಕಲ್ಲು ಕೊಡುವ ಯೋಜನೆ ಬಂದ ಮೇಲೆ ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಸುಮಾರು ಮೂರನೇ ಒಂದರಷ್ಟು ಏರಿತೆಂದು ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ತೋರಿಸಿದ್ದಾರೆ. ಶಾಲೆ ದೂರವಿದ್ದ ಹಳ್ಳಿಗಳಲ್ಲಿಯೇ ಪರಿಣಾಮ ಹೆಚ್ಚು. ಗಂಗೆಯ ಬಯಲು ಚಪ್ಪಟೆ ಎಂಬುದನ್ನು ಮಾತ್ರ ನೆನಪಿಡಬೇಕು. ಶಾಲೆ ದೂರವಿರುವುದರಲ್ಲಿ ಮಲೆನಾಡು ಯಾವ ಬಿಹಾರಕ್ಕೂ ಕಡಿಮೆಯಿಲ್ಲ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸುಗಳಿಗೆ ಸೀಮಿತ. ಮಲೆನಾಡಿನ ಎಷ್ಟೋ ದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು, ಅದೂ ಮುಖ್ಯರಸ್ತೆಯವರೆಗೆ. ಮನೆಯಿಂದ ಆ ಮುಖ್ಯರಸ್ತೆಗೆ ಇರುವ ಮೂರು ನಾಲ್ಕು ಕಿಲೋಮೀಟರಿನಲ್ಲಿಯೇ ಹುಡುಗಿಯರ ಓದು ನಿಲ್ಲುವುದು, ಇಲ್ಲವೇ ಪರವಾನಗಿಯ ವಯಸ್ಸಾಗದ ಹುಡುಗರು ಸ್ಕೂಟರ್ ಏರುವುದು.

ಕೋವಿಡ್ ಕಾಲದಲ್ಲಿ, 2020-21ರಿಂದ, ಕರ್ನಾಟಕದ ಸೈಕಲ್ ವಿತರಣೆ ನಿಂತಿತು. ಮತ್ತೆ ಆರಂಭಿಸಬೇಕೆಂಬ ಒತ್ತಾಯ ಆಗಾಗ ಕೇಳಿಬರುತ್ತದೆ. ಆ ಒತ್ತಾಯಕ್ಕೆ ಘಟ್ಟದ ಸಂಘಟನೆಗಳು, ಶಾಲಾಭಿವೃದ್ಧಿ ಸಮಿತಿಗಳು ದನಿಗೂಡಿಸುವುದಾದರೆ ಟೆಂಡರಿನ ವಿವರಗಳನ್ನೂ ಕೇಳಬೇಕು: ಗುಡ್ಡಗಾಡು ವಲಯಕ್ಕೆ ಗೇರಿರುವ ಸೈಕಲ್ಲು, ಅಲ್ಯೂಮಿನಿಯಂ ರಿಮ್ಮು ಅಥವಾ ಡಿಸ್ಕ್ ಬ್ರೇಕು, ಕ್ಯಾರಿಯರು, ಮಡ್‌ಗಾರ್ಡು. ಬೆಲೆ ಹೆಚ್ಚೆಂಬ ಆಕ್ಷೇಪ ಬರುತ್ತದೆ. ಓಡಿಸಲಾಗದ ಸೈಕಲ್ಲಿಗೆ ಕೊಟ್ಟ ಬೆಲೆ ಎಷ್ಟಾದರೂ ಅದು ಹೆಚ್ಚೇ. ಬ್ಯಾಟರಿ ಸೈಕಲ್ಲು ಬಂದಮೇಲೆ ಇದೆಲ್ಲ ಏಕೆ ಎನ್ನುವವರಿದ್ದಾರೆ. 250 ವಾಟ್ ಮೀರದ, ಗಂಟೆಗೆ 25 ಕಿಲೋಮೀಟರ್ ದಾಟದ ಅಂಥವುಗಳಿಗೆ ನೋಂದಣಿ ಬೇಡ. ವಯಸ್ಸಾದವರಿಗೆ, ಹಾಲು ಸಾಗಿಸುವವರಿಗೆ ಅವು ಉಪಕಾರಿಯೂ ಹೌದು. ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟಿಲ್ಲದ ಊರಿನ ಶಾಲಾಮಗುವಿಗೆ ಮಾತ್ರ ಅವನ್ನು ಹೇಳುವುದು ಕಷ್ಟ.

ಹೊಸದು ಬರುವವರೆಗೆ ಕೊಟ್ಟಿಗೆಯಲ್ಲಿರುವುದಕ್ಕೆ ಒಂದು ಸಣ್ಣ ಉಪಾಯವಿದೆ. 18 ಹಲ್ಲಿನ ಫ್ರೀವೀಲನ್ನು ತೆಗೆದು 22 ಹಲ್ಲಿನದನ್ನು ಹಾಕಿಸುವುದು. ಪೇಟೆಯ ಸೈಕಲ್ ಅಂಗಡಿಯಲ್ಲಿ ಕೇಳಿದರೆ ತರಿಸಿಕೊಡುತ್ತಾರೆ. ಸಮದಾರಿಯಲ್ಲಿ ವೇಗ ತುಸು ತಗ್ಗುತ್ತದೆ. ಆದರೆ ಅದೇ ಏರಿನಲ್ಲಿ ಆ ಹುಡುಗಿಯ ಕಾಲಿನ ಮೇಲಿನ ಭಾರ 42 ಕಿಲೋದಿಂದ 34 ಕಿಲೋಗೆ, ಅಂದರೆ ಆಕೆಯ ತೂಕಕ್ಕಿಂತ ಕೆಳಗೆ ಬರುತ್ತದೆ. ಬ್ರೇಕಿನ ಬಿರಡೆಗಳನ್ನೂ ಆಗಲೇ ಬದಲಿಸಿಕೊಳ್ಳಬೇಕು. ಚೈನಿಗೆ ಒಂದೆರಡು ಕೊಂಡಿ ಸೇರಿಸಬೇಕಾದೀತು. ಹಳೆಯ ಚೈನಿನಿಂದ ತೆಗೆದದ್ದಾದರೂ ನಡೆಯುತ್ತದೆ.